ಐದನೇ ಬೆರಳು

ತಿಮ್ಮನಿಗೆ ನಾಲ್ಕೇ ಬೆರಳು. ಹೆಬ್ಬೆರಳು ಒಂದು, ಉಳಿದವು ಮೂರು. ಅವನನ್ನು ಹುಟ್ಟಿಸಿದವನೇ ನಾನು, ನನಗೆ ಗೊತ್ತಿರುವುದಿಲ್ಲವೇ? ಹಾಗಿರುವಾಗ ಸೋಮವಾರ ಬೆಳಿಗ್ಗೆ ಸ್ಟುಡಿಯೋದ ಬೀರು ತೆಗೆದು, ಶನಿವಾರ ನಾನೇ ನೋಡಿ ಒಪ್ಪಿ ಒಳಗಿಟ್ಟಿದ್ದ ಹಾಳೆಗಳನ್ನು ತಿರುವಿದರೆ, ತಿಮ್ಮನ ಬಲಗೈಯಲ್ಲಿ ಐದು ಬೆರಳು! ಒಂದು ಹಾಳೆಯಲ್ಲಾದರೆ ಕೈತಪ್ಪು ಅನ್ನಬಹುದು. ಕೊಡದೊಳಗಿಂದ ಕೈ ಹೊರಗೆ ಬರುವ ಪ್ರತಿ ಹಾಳೆಯಲ್ಲೂ, ಅಂಗೈಯ ಅಂಚಿಗೆ ಒಂದು ಕಿರುಬೆರಳು ಬಂದು ಕೂತಿತ್ತು.

"ಯಾರಯ್ಯಾ ಈ ಕೆಲಸ ಮಾಡಿದ್ದು?" ಎಂದು ನಾನು ಕೂಗಿದ ಕೂಗಿಗೆ ಕೆಳಗಿನ ಪ್ರೆಸ್ ಶಾಪಿನವರೂ ತಲೆ ಎತ್ತಿ ನೋಡಿರಬೇಕು.

ನಾಲ್ಕು ಬೆರಳು ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಕೈಯಲ್ಲಿ ಬರೆದು ಓಡಿಸುವ ಚಿತ್ರದಲ್ಲಿ ತಿಮ್ಮ ಒಂದು ಸಲ ಕೈಯೆತ್ತಿ ಇಳಿಸಬೇಕಾದರೆ ಹಾಳೆಯ ಮೇಲೆ ಹಾಳೆ ಬರೆಯಬೇಕು. ಪ್ರತಿ ಹಾಳೆಯಲ್ಲೂ ಐದೈದು ಬೆರಳು ಬರೆಯುತ್ತ ಕೂತರೆ ಬರೆಯುವವನ ಬೆರಳು ಸವೆದು ಹೋಗುತ್ತದೆ. ಅಲ್ಲದೆ ಓಡುವಾಗ ಐದು ಬೆರಳು ಬಾಳೆಯ ಚಿಪ್ಪಿನ ಹಾಗೆ ಕಿಕ್ಕಿರಿದು ಕಾಣುತ್ತವೆ. ನಾಲ್ಕು ಬರೆದರೆ ನೋಡುವವನ ಕಣ್ಣು ತಾನಾಗಿಯೇ ಅದನ್ನು ಕೈ ಎಂದು ಒಪ್ಪಿಕೊಳ್ಳುತ್ತದೆ. ಯಾರೂ ಎಣಿಸುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಈ ವಿದ್ಯೆಗೆ ಕೂತಾಗ ನನ್ನ ಗುರು ಹೇಳಿಕೊಟ್ಟ ಮೊದಲ ಪಾಠ ಇದು, ನಲವತ್ತು ವರ್ಷದಲ್ಲಿ ನಾನು ಮೀರಿದವನಲ್ಲ.

ನಾನು ಪೀಣ್ಯದವನೇ, ಪೀಣ್ಯ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವನು. ಹೆಸರು ಹನುಮಯ್ಯ. ಹೆಸರು ಕೇಳಿ ಯಾರಿಗೂ ಏನೂ ನೆನಪಾಗುವುದಿಲ್ಲ, ನನಗೆ ಅಭ್ಯಾಸವಾಗಿದೆ. ಮುಂಬಯಿಯಿಂದ ವಾಪಸು ಬಂದ ಮೇಲೆ ಸೋಪಿನ ಜಾಹೀರಾತಿಗೆ ನಗುವ ಬಕೆಟ್ ಬರೆದಿದ್ದೇನೆ, ಟಿವಿಯವರಿಗೆ ಮಲೇರಿಯಾದ ಸೊಳ್ಳೆ ಬರೆದಿದ್ದೇನೆ. ಆ ಸೊಳ್ಳೆಯನ್ನು ರಾಜ್ಯದ ಮಕ್ಕಳೆಲ್ಲ ನೋಡಿದ್ದಾರೆ, ನನ್ನನ್ನು ಯಾರೂ ನೋಡಿಲ್ಲ. 'ನಿರ್ದೇಶನ: ಹನುಮಯ್ಯ' ಎಂದು ಪರದೆಯ ಮೇಲೆ ಬರುವ ಒಂದು ಇಡೀ ಸಿನಿಮಾ ನನಗೆ ಸಿಕ್ಕಿದ್ದು ಅರವತ್ತು ದಾಟಿದ ಮೇಲೆ. ಅದೇ 'ತಿಮ್ಮನ ಕೊಡ'.

ಕತೆ ಸಣ್ಣದು. ಚಂದ್ರ ಜಾರಿ ತಿಮ್ಮನ ಮನೆಯ ನೀರಿನ ಕೊಡದೊಳಗೆ ಬೀಳುತ್ತಾನೆ, ಲೋಕವೆಲ್ಲ ಕತ್ತಲಾಗುತ್ತದೆ. ಕೊನೆಯ ದೃಶ್ಯದಲ್ಲಿ ತಿಮ್ಮ ಕೊಡದೊಳಗೆ ಕೈ ಹಾಕಿ ಚಂದ್ರನನ್ನು ಹೊರಗೆ ತೆಗೆದು ಆಕಾಶಕ್ಕೆ ಎತ್ತಿ ಹಿಡಿಯುತ್ತಾನೆ. ಪರದೆ ತುಂಬ ಒಂದೇ ಒಂದು ಕೈ. ನನ್ನ ಬದುಕಿನ ಕೆಲಸವೆಲ್ಲ ಆ ಕೈಯಲ್ಲಿತ್ತು.

ಹಣ ಹಾಕಿದ್ದು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪ್ಯೂಟರ್ ಆನಿಮೇಷನ್ ಕಂಪನಿ. ಅವರ ಕಡೆಯಿಂದ ಸೌಮ್ಯ ಎಂಬ ಹುಡುಗಿ ಪ್ರತಿ ಶನಿವಾರ ಕಾರಿನಲ್ಲಿ ಬಂದು, ಮುಗಿದ ಹಾಳೆಗಳನ್ನು ಒಯ್ಯುತ್ತಿದ್ದಳು. ಅಲ್ಲಿ ಅವನ್ನು ಸ್ಕ್ಯಾನ್ ಮಾಡಿ ಬಣ್ಣ ತುಂಬುತ್ತಿದ್ದರು. ಒಪ್ಪಂದ ಸ್ಪಷ್ಟವಾಗಿತ್ತು: ದೀಪಾವಳಿಗೆ ಮುಂಚಿನ ಶನಿವಾರದೊಳಗೆ ಕೊನೆಯ ದೃಶ್ಯ ಕೈಗೆ ಬರದಿದ್ದರೆ, ಅದನ್ನು ಅವರೇ ಕಂಪ್ಯೂಟರಿನಲ್ಲಿ ಮಾಡಿ ಮುಗಿಸುತ್ತಾರೆ. "ಟೆನ್ಷನ್ ಮಾಡ್ಕೋಬೇಡಿ ಸಾರ್, ವರ್ಸ್ಟ್ ಕೇಸಲ್ಲಿ ನಮ್ಮ ಟೀಮ್ ಮ್ಯಾನೇಜ್ ಮಾಡತ್ತೆ" ಎಂದು ಆ ಹುಡುಗಿ ನಗುತ್ತ ಹೇಳಿದಾಗಲೇ ನನಗೆ ಅನುಮಾನ ಬಂದಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಈಗ ಹೇಳಿ, ಆ ಶನಿವಾರಕ್ಕೆ ಐದೇ ದಿನ ಉಳಿದಿರುವ ಹೊತ್ತಿನಲ್ಲಿ ಕೊನೆಯ ದೃಶ್ಯದ ಹಾಳೆಗಳಲ್ಲಿ ಯಾರೋ ಕೈಯಾಡಿಸಿದರೆ ನಾನು ಏನೆಂದುಕೊಳ್ಳಬೇಕು?

ನಮ್ಮ ಸ್ಟುಡಿಯೋ ಎಂದರೆ ಪೀಣ್ಯ ಎರಡನೇ ಹಂತದಲ್ಲಿ ಒಂದು ಪ್ರೆಸ್ ಶಾಪಿನ ಮೇಲಿನ ಮಹಡಿ. ಕೆಳಗೆ ತಗಡು ಒತ್ತುವ ಯಂತ್ರಗಳು ದಿನವಿಡೀ ಢಬ್ ಢಬ್ ಎನ್ನುತ್ತಿರುತ್ತವೆ, ಪ್ರತಿ ಏಟಿಗೂ ನಮ್ಮ ಮೇಜು ನಡುಗುತ್ತದೆ. ಎರಡು ಏಟಿನ ನಡುವೆ ಗೆರೆ ಎಳೆಯಲು ಕಲಿತ ಕಲಾವಿದರು ಭೂಮಿಯ ಮೇಲೆ ನಾವೇ ಇರಬೇಕು. ಆ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಯಂತ್ರಗಳೆಲ್ಲ ಇದ್ದಕ್ಕಿದ್ದಂತೆ ನಿಂತುಹೋದವು. "ಅಬ್ಬಾ, ದೇವರು ಕಣ್ಣು ಬಿಟ್ಟ ಕಣಯ್ಯಾ" ಎಂದು ಪಕ್ಕದ ಮೇಜಿನ ಕೃಷ್ಣನಿಗೆ ಹೇಳಿ ಸಂಜೆಯವರೆಗೆ ಕೂತು ಬರೆದೆ. ತಿಮ್ಮ ಕೊಡದೊಳಗೆ ಇಣುಕುವ ಚಿತ್ರಗಳು ಆ ದಿನದವು, ಇಡೀ ಸಿನಿಮಾದಲ್ಲಿ ಅಷ್ಟು ನಯವಾದ ಗೆರೆ ಬೇರೆಲ್ಲೂ ಇಲ್ಲ.

ನಮ್ಮಲ್ಲಿ ಕೆಲಸ ಮೂರು ಕೈ ದಾಟುತ್ತದೆ. ಮುಖ್ಯ ಭಂಗಿಗಳನ್ನು ನಾನು ಬರೆಯುತ್ತೇನೆ. ಒಂದು ಭಂಗಿಗೂ ಮುಂದಿನ ಭಂಗಿಗೂ ನಡುವಿನ ಚಿತ್ರಗಳನ್ನು ಕೃಷ್ಣ ತುಂಬುತ್ತಾನೆ. ಆನೇಕಲ್ಲಿನವನು, ಇಪ್ಪತ್ತು ವರ್ಷದಿಂದ ನನ್ನ ಜೊತೆಗಿದ್ದಾನೆ, ತಲೆ ಅರ್ಧ ನರೆತಿದೆ. ಆಮೇಲೆ ನಮ್ಮಿಬ್ಬರ ಗೀಚಾಟದ ಮೇಲೆ ಹೊಸ ಹಾಳೆಯಿಟ್ಟು, ಕೆಳಗಿನಿಂದ ದೀಪ ಹಾಕಿ, ಒಂದೇ ಶುದ್ಧ ಗೆರೆಯಲ್ಲಿ ಸುಮಂಗಲಾ ತಿದ್ದಿ ಬರೆಯುತ್ತಾಳೆ. ಗಜೇಂದ್ರಗಡದ ಕಡೆಯ ಹೆಂಗಸು, ಗಂಡನ ಜೊತೆ ಮಾದನಾಯಕನಹಳ್ಳಿಯಲ್ಲಿ ಬಾಡಿಗೆಗಿದ್ದಳು. ಬಂದ ಹೊಸದರಲ್ಲಿ ಬಣ್ಣ ತುಂಬುತ್ತಿದ್ದವಳು, ಹದಿನಾಲ್ಕು ವರ್ಷದಿಂದ ನನ್ನ ಗೆರೆಯನ್ನೇ ಎಳೆದೂ ಎಳೆದೂ ಕೈ ಪಳಗಿಸಿಕೊಂಡಿದ್ದಳು. ಅವಳು ತಿದ್ದಿದ್ದನ್ನು ನಾನು ಮತ್ತೊಮ್ಮೆ ನೋಡಿ ಬೀರುವಿನಲ್ಲಿಡುತ್ತೇನೆ. ಬೀರುವಿನ ಬೀಗದಕೈ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅಂದರೆ ಯಾರು ಬೇಕಾದರೂ ತೆಗೆಯಬಹುದಿತ್ತು.

ಮೊದಲ ಅನುಮಾನ ಕೃಷ್ಣನ ಮೇಲೆ ಹೋಯಿತು.

"ನಾನ್ಯಾಕೆ ಮಾಡ್ಲಿ ಮೇಷ್ಟ್ರೇ? ನಾಲ್ಕು ಬೆರಳು ಬರೆಯೋದೇ ಸಾಕಾಗಿದೆ, ಐದನೇದು ಬಿಟ್ಟಿ ಬರೀತೀನಾ?" ಎಂದ.

ಮಾತು ಸರಿಯಾಗಿಯೇ ಇತ್ತು, ಆದರೆ ಸರಿಯಾದ ಮಾತಾಡುವವರನ್ನೇ ನಾನು ಹೆಚ್ಚು ನಂಬುವುದಿಲ್ಲ. ಸುಮಂಗಲಾ ತಲೆ ಬಗ್ಗಿಸಿಕೊಂಡು ರಬ್ಬರ್ ಹುಡುಕುತ್ತಿದ್ದಳು. ಮೂವರೂ ಕೂತು ಎಲ್ಲ ಹಾಳೆಗಳ ಕಿರುಬೆರಳನ್ನು ಅಳಿಸಿದೆವು. ಅಳಿಸುವಾಗ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಕೊಡದೊಳಗೆ ಹೋಗುವ ಕೈಗೆ ಯಾರೂ ಬೆರಳು ಸೇರಿಸಿರಲಿಲ್ಲ. ಹೊರಗೆ ಬರುವ ಕೈಗೆ ಮಾತ್ರ ಸೇರಿಸಿದ್ದರು. ಅದೂ ಸುಮ್ಮನೆ ಅಂಟಿಸಿದ್ದಲ್ಲ, ಹಾಳೆಯಿಂದ ಹಾಳೆಗೆ ಆ ಬೆರಳು ಹದವಾಗಿ ಬಿಚ್ಚಿಕೊಳ್ಳುತ್ತ, ಚಂದ್ರನ ಕೆಳಗೆ ಹೋಗಿ ಆನಿಸಿ ನಿಲ್ಲುತ್ತಿತ್ತು. ಕೆಡಿಸುವವನು ಇಷ್ಟು ಚೆಂದವಾಗಿ ಯಾಕೆ ಕೆಡಿಸುತ್ತಾನೆ?

ಬುಧವಾರ ಕೃಷ್ಣ ಚಹಾಕ್ಕೆಂದು ಕೆಳಗಿಳಿದವನು ಬೇಗ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಬೇಕರಿಯ ಮುಂದೆ ಸೌಮ್ಯಳ ಕಾರು ನಿಂತಿತ್ತು. ಶನಿವಾರ ಬರಬೇಕಾದವಳಿಗೆ ಬುಧವಾರ ಪೀಣ್ಯದಲ್ಲಿ ಏನು ಕೆಲಸ? ಇಬ್ಬರೂ ಗ್ಲಾಸು ಹಿಡಿದು ನಗುನಗುತ್ತ ಮಾತಾಡುತ್ತಿದ್ದರು. ಗುರುವಾರ ಬೆಳಿಗ್ಗೆ ಬೀರು ತೆಗೆದರೆ ಐದನೇ ಬೆರಳು ಮತ್ತೆ ಬಂದಿತ್ತು.

ನನ್ನ ಪಿತ್ತ ನೆತ್ತಿಗೇರಿತು. "ಉಂಡ ಮನೆಗೆ ಎರಡು ಬಗೆಯೋ ಬುದ್ಧಿ ಯಾವಾಗ ಬಂತಯ್ಯಾ ನಿನಗೆ? ಅವರಿಗೆ ಮಾರ್ಕೊಂಡಿದೀಯ ಅಲ್ವಾ? ದೃಶ್ಯ ಲೇಟಾಗ್ಲಿ, ಮುದುಕನ ಕೈಯಿಂದ ಕಿತ್ಕೊಳ್ಳೋಣ ಅಂತ ಪ್ಲಾನು!"

ಕೃಷ್ಣ ಪೆನ್ಸಿಲ್ ಕೆಳಗಿಟ್ಟ. "ಹೌದು ಮೇಷ್ಟ್ರೇ, ಕೆಲಸಕ್ಕೆ ಕರೆದಿದ್ದಾರೆ. ತಿಮ್ಮನ ಸಿನಿಮಾ ಮುಗಿಯೋವರೆಗೂ ಬರಲ್ಲ ಅಂದಿದೀನಿ. ಅದನ್ನ ಹೇಳೋಕೆ ನಿನ್ನೆ ಹೋಗಿದ್ದು. ಐದು ಬೆರಳೂ ಒಂದೇ ಸಮ ಇರಲ್ಲ ಅಂತಾರೆ, ನಿಮ್ಮ ಕಣ್ಣಿಗೆ ಮಾತ್ರ ಎಲ್ಲರೂ ಒಂದೇ ಸಮ ಕಳ್ಳರು." ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಸಮಾಧಾನವಾಗಲಿಲ್ಲ. ಹಾಳೆಗಳನ್ನು ದೀಪದ ಮೇಲಿಟ್ಟು, ಭೂತಗನ್ನಡಿ ಹಿಡಿದು, ಆ ಕಿರುಬೆರಳಿನ ಗೆರೆಯನ್ನು ನೋಡಿದೆ. ಗೆರೆ ನೋಡಿ ಬರೆದವನ ಹೆಸರು ಹೇಳುವುದು ನನಗೆ ನೀರು ಕುಡಿದ ಹಾಗೆ. ಕೃಷ್ಣನ ಗೆರೆ ಕೊನೆಯಲ್ಲಿ ಸ್ವಲ್ಪ ಜೋರಾಗಿ ಒತ್ತುತ್ತದೆ. ಇದು ಒತ್ತಿರಲಿಲ್ಲ. ಕೊನೆಗೆ ಬರುತ್ತ ತೆಳುವಾಗಿ, ಎತ್ತಿದ್ದೇ ಗೊತ್ತಾಗದ ಹಾಗೆ ಹಾಳೆ ಬಿಟ್ಟಿತ್ತು. ಅದು ನನ್ನ ಗೆರೆ.

ನಮ್ಮಣ್ಣನಿಗೆ ಕೊನೆಗಾಲದಲ್ಲಿ ಮರೆವು ಹತ್ತಿತ್ತು. ಕನ್ನಡಕ ಅಕ್ಕಿಯ ಡಬ್ಬದಲ್ಲಿಡುತ್ತಿದ್ದ, ಊಟ ಮಾಡಿ ಎದ್ದವನು ಊಟ ಹಾಕಿಲ್ಲವೆಂದು ಅತ್ತಿಗೆಯ ಮೇಲೆ ರೇಗುತ್ತಿದ್ದ. ನನಗೂ ಶುರುವಾಯಿತೇ? ನಾನೇ ಬೀರು ತೆಗೆದು, ನಾನೇ ಬೆರಳು ಬರೆದು, ನಾನೇ ಮರೆತು ಊರವರನ್ನೆಲ್ಲ ಕಳ್ಳರನ್ನಾಗಿ ಮಾಡುತ್ತಿದ್ದೇನೆಯೇ? ಇಷ್ಟು ವರ್ಷ ಯಾರನ್ನೂ ನಂಬದೆ ಬದುಕಿದವನು ನಾನು, ಆದರೆ ನನ್ನನ್ನು ನಂಬಿದ್ದೆ. ಆ ದಿನ ಅದೂ ಹೋಯಿತು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಶುಕ್ರವಾರ ಒಂದು ಉಪಾಯ ಮಾಡಿದೆ. ಬೆಳಿಗ್ಗೆಯೇ ಎಲ್ಲ ಬೆರಳು ಅಳಿಸಿ ಹಾಳೆಗಳನ್ನು ಬೀರುವಿನಲ್ಲಿಟ್ಟೆ. ಊಟದ ಹೊತ್ತಿಗೆ, "ಸುಮಂಗಲಾ, ನಾನು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರ್ತೀನಿ, ಸಂಜೆಯಾಗುತ್ತೆ" ಎಂದು ಹೇಳಿ ಮೆಟ್ಟಿಲಿಳಿದೆ. ಕೃಷ್ಣ ಹೇಗೂ ಇರಲಿಲ್ಲ. ಅವನೋ, ಸೌಮ್ಯ ಕಳಿಸಿದ ಯಾವನೋ ಬಂದರೆ ಹಿಡಿಯಬೇಕು, ಯಾರೂ ಬರದಿದ್ದರೆ ಸೀದಾ ಡಾಕ್ಟರ ಹತ್ತಿರ ಹೋಗಬೇಕು, ಹೀಗೆಂದು ನಿಶ್ಚಯಿಸಿದ್ದೆ. ಬೇಕರಿಯಲ್ಲಿ ಒಂದು ಬನ್ನು ತಿಂದೆ. ಮೇಲ್ಸೇತುವೆ ಕೆಲಸದ ಧೂಳು ಬನ್ನಿನ ಮೇಲೂ ಕೂತಿತ್ತು. ಮೆಟ್ಟಿಲ ಬಾಗಿಲನ್ನೇ ನೋಡುತ್ತ ನಿಂತೆ. ಯಾರೂ ಹತ್ತಲಿಲ್ಲ. ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳನ ಹಾಗೆ ನನ್ನ ಸ್ಟುಡಿಯೋಗೆ ನಾನೇ ಹತ್ತಿದೆ.

ಬೀರು ತೆರೆದಿತ್ತು. ಸುಮಂಗಲಾ ತನ್ನ ಮೇಜಿನಲ್ಲಿ ಕೂತಿದ್ದಳು.

ನಮ್ಮ ಕಸುಬಿನವರ ಪ್ರತಿ ಮೇಜಿನ ಮೇಲೂ ಒಂದು ಕನ್ನಡಿ ಇರುತ್ತದೆ. ಪಾತ್ರ ನಗಬೇಕಾದರೆ ನಾವು ಮೊದಲು ಕನ್ನಡಿಯಲ್ಲಿ ನಕ್ಕು ನೋಡಿ ಬರೆಯುತ್ತೇವೆ. ಸುಮಂಗಲಾ ಬಲಗೈಯಲ್ಲಿ ನೀರಿನ ಚೊಂಬು ಹಿಡಿದು ಕನ್ನಡಿಗೆ ತೋರಿಸುತ್ತಿದ್ದಳು. ಕಿರುಬೆರಳು ಮಡಿಸಿಕೊಂಡು ನಾಲ್ಕು ಬೆರಳಲ್ಲಿ ಎತ್ತಿದಳು. ಚೊಂಬು ವಾಲಿ ನೀರು ತುಳುಕಿತು. ಸೆರಗಿನಿಂದ ಮೇಜು ಒರೆಸಿದಳು. ಕಿರುಬೆರಳು ಬಿಚ್ಚಿ ಚೊಂಬಿನ ಕೆಳಗೆ ಕೊಟ್ಟು ಮತ್ತೆ ಎತ್ತಿದಳು, ನಿಂತಿತು. ಚೊಂಬು ಕೆಳಗಿಟ್ಟು ದೀಪದ ಮೇಲಿನ ಹಾಳೆಗೆ ಬಾಗಿ ಒಂದು ಗೆರೆ ಎಳೆದಳು. ಎರಡು ಏಟಿನ ನಡುವೆ, ಕೊನೆಗೆ ತೆಳುವಾಗಿ, ನನ್ನ ಹಾಗೆಯೇ.

ಹದಿನಾಲ್ಕು ವರ್ಷ ನನ್ನ ಗೆರೆಯನ್ನು ಎಳೆದವಳ ಕೈಯಲ್ಲಿ ಇನ್ಯಾರ ಗೆರೆ ಇರುತ್ತದೆ? ಕೃಷ್ಣನನ್ನು ಅನುಮಾನಿಸಿದೆ, ಸೌಮ್ಯಳನ್ನು ಅನುಮಾನಿಸಿದೆ, ನನ್ನ ತಲೆಯನ್ನೇ ಅನುಮಾನಿಸಿದೆ. ಈ ಹೆಂಗಸು ಒಂದು ಸಲವೂ ನೆನಪಿಗೆ ಬರಲಿಲ್ಲ. ಮರೆವಿನ ಕಾಯಿಲೆ ಇಲ್ಲವೆಂದು ಸಮಾಧಾನವಾಯಿತು, ಅದರ ಹಿಂದೆಯೇ ಕೆಂಡದಂಥ ಸಿಟ್ಟು ಬಂತು.

"ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ಅಲ್ವೇನಮ್ಮಾ?"

ಬೆಚ್ಚಿ ಎದ್ದು ನಿಂತಳು. ಪೆನ್ಸಿಲ್ ಉರುಳಿ ಕೆಳಗೆ ಬಿತ್ತು. "ಸರ್ರ... ನಾ ಕೆಡಸಾಕ ಮಾಡಿದ್ದಲ್ರಿ."

"ಮತ್ತೆ ಉದ್ಧಾರ ಮಾಡೋಕಾ? ನಾಳೆ ಶನಿವಾರ! ನಾಳೆ ಕೊಡದಿದ್ರೆ ಈ ಕೈಯನ್ನ ಅವರು ಕಂಪ್ಯೂಟರಲ್ಲಿ ಮಾಡ್ತಾರೆ. ನನ್ನ ಸಿನಿಮಾ ನನ್ನದಾಗಿ ಉಳಿಯಲ್ಲ. ಗೊತ್ತಿದೆಯಾ ನಿನಗೆ?"

"ಗೊತ್ತೈತ್ರಿ."

"ಗೊತ್ತಿದ್ದೂ? ಬೇಕಿದ್ರೆ ಒಂದು ಮಾತು ಕೇಳ್ಬೇಕಿತ್ತು."

"ಕೇಳಿದ್ನೆಲ್ರಿ" ಎಂದಳು. ನನ್ನ ಮುಖ ನೋಡಲಿಲ್ಲ. "ಗಣಪತಿ ಹಬ್ಬದ ಮುಂದ. ತಿಮ್ಮಗ ಇನ್ನೊಂದು ಬೆರಳು ಹಚ್ಚೂಣೇನ್ರಿ ಅಂತ ಕೇಳಿದ್ನಿ. ನಾಲ್ಕು ಬೆರಳಿದ್ರೆ ಯಾರೂ ಸಾಯಲ್ಲ, ಸುಮ್ನೆ ಬರಿ ಅಂದ್ರಿ."

ಅಂದಿದ್ದೆ. ಈಗ ನೆನಪಾಯಿತು. ಅವಳು ಬಗ್ಗಿ ಪೆನ್ಸಿಲ್ ಎತ್ತಿಕೊಂಡಳು. ಕೆಳಗೆ ಯಂತ್ರ ಢಬ್ ಎಂದಿತು, ಅವಳ ಭುಜ ಸಣ್ಣಗೆ ನಡುಗಿದ್ದು ಕಂಡಿತು. ಅಷ್ಟು ವರ್ಷ ಆ ಸದ್ದಿಗೆ ಕದಲದೆ ಗೆರೆ ಎಳೆದವಳು.

"ನಮ್ಮನಿಯವರು ಕೆಳಗಿನ ಪ್ರೆಸ್ಸಿನ್ಯಾಗ ಇದ್ರಲ್ರಿ, ಯಮನೂರ ಅಂತ. ಶ್ರಾವಣದಾಗ ಅವರ ಬಲಗೈ ಕಿರಿಬೆರಳು ಹೋತ್ರಿ. ತಗಡು ಸಿಗಿಬಿದ್ದಿತ್ತಂತ, ತಗ್ಯಾಕ ಕೈ ಹಾಕ್ಯಾರ, ಮ್ಯಾಲಿಂದು ಇಳದಬಿಟ್ಟೈತಿ. ಈಗ ಕೆಲಸಿಲ್ಲ. ಮನ್ಯಾಗ ನೀರಿನ ಚೊಂಬು ಎತ್ತಿದ್ರ ಜಾರತೈತಿ. ಜಾರಿದಾಗೆಲ್ಲ ನಗತಾರ್ರಿ, ಏನೂ ಆಗಿಲ್ಲ ಅನ್ನೂವಂಗ. ಆಮ್ಯಾಲ ಕೈ ಜೇಬಿನ್ಯಾಗ ಇಟಗೊಂಡ ಕುಂದರತಾರ."

ಶ್ರಾವಣದಲ್ಲಿ ಯಂತ್ರ ನಿಂತ ಆ ಮಧ್ಯಾಹ್ನ. ಆಮೇಲೆ ಅವಳು ಕೆಲವು ದಿನ ಕೆಲಸಕ್ಕೆ ಬಂದಿರಲಿಲ್ಲ. ಬಂದ ದಿನ, ಈ ಹೊತ್ತಲ್ಲಿ ರಜೆ ಹಾಕಿದೆಯಲ್ಲ ಎಂದು ನಾನು ಗೊಣಗಿದ್ದೆ, ಯಾಕೆ ಎಂದು ಕೇಳಿರಲಿಲ್ಲ. ಅವಳು ಇಲ್ಲಿ ಮೇಲೆ ಕೂತು ತಿಮ್ಮನ ಕೈ ತಿದ್ದುತ್ತಿದ್ದಾಗ, ನಮ್ಮ ಕಾಲ ಕೆಳಗೇ ಅದು ನಡೆದಿತ್ತು. ನಾನು ದೇವರು ಕಣ್ಣು ಬಿಟ್ಟ ಎಂದಿದ್ದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

"ತಿಮ್ಮ ಕೊಡದಾಗ ಕೈ ಹಾಕೂದು ಬರದಾಗೆಲ್ಲ ನನಗ ಅದ ಕಾಣತೈತ್ರಿ" ಎಂದಳು ಸುಮಂಗಲಾ. ಈಗ ಅವಳ ದನಿ ಗಟ್ಟಿಯಾಗಿತ್ತು. "ಈ ಓಣ್ಯಾಗ ಎಲ್ಲಾರೂ ಐದು ಒಳಗ ಹಾಕಿ ನಾಕು ಹೊರಗ ತಗೀತಾರ್ರಿ. ತಿಮ್ಮನರ ನಾಕು ಹಾಕಿ ಐದು ತಗೀಲಿ ಅಂತ ಬರದ್ನಿ. ತಪ್ಪಾಗೈತಿ. ಅಳಸಿ ಕೊಡತೀನಿ, ಸಂಜಿಮಟ ಕುಂತರ ಮುಗೀತೈತಿ."

ರಬ್ಬರ್ ತೆಗೆದುಕೊಂಡು ಕೂತೇಬಿಟ್ಟಳು.

ನಾನು ಹಾಳೆಗಳ ಕಟ್ಟನ್ನು ಅವಳ ಮುಂದಿನಿಂದ ಎಳೆದುಕೊಂಡೆ. ಎಡಗೈಯ ಬೆರಳ ಸಂದುಗಳಲ್ಲಿ ಸಿಕ್ಕಿಸಿಕೊಂಡು, ಚಿತ್ರ ಓಡುವ ಹಾಗೆ ಸರಸರ ತಿರುವಿದೆ. ನಾಲ್ಕು ಬೆರಳಿನ ಕೈ ಕೊಡದ ಕಂಠ ದಾಟಿ ಒಳಗೆ ಹೋಗುತ್ತದೆ, ಮರೆಯಾಗುತ್ತದೆ. ಕೊಡದ ಬಾಯಲ್ಲಿ ಬೆಳಕು ಅಲುಗುತ್ತದೆ. ಕೈ ಹೊರಬರುತ್ತದೆ, ಕೊನೆಯ ಬೆರಳು ನಿಧಾನವಾಗಿ ಬಿಚ್ಚಿಕೊಂಡು ಚಂದ್ರನ ಅಡಿಗೆ ಹೋಗಿ ನಿಲ್ಲುತ್ತದೆ. ಮತ್ತೆ ತಿರುವಿದೆ. ಇಷ್ಟು ತಿಂಗಳು ಆ ಚಂದ್ರನಿಗೆ ಭಾರ ಬರುತ್ತಿಲ್ಲವೆಂದು ನಾನು ತಲೆ ಕೆಡಿಸಿಕೊಂಡಿದ್ದೆ, ಕೃಷ್ಣನನ್ನು ಬೈದಿದ್ದೆ. ಆ ಬೆರಳು ಕೆಳಗೆ ಕೊಟ್ಟ ಮೇಲೆ ಚಂದ್ರ ತೂಕದವನಾಗಿದ್ದ. ಹೊಟ್ಟೆಕಿಚ್ಚು ಪಡುವಷ್ಟು ಚೆನ್ನಾಗಿತ್ತು.

"ನಮ್ಮ ಕಸುಬಿನ ಕಾಯಿದೆ ಪ್ರಕಾರ ಇದು ತಪ್ಪು" ಎಂದೆ.

"ಹೌದ್ರಿ."

"ರಬ್ಬರ್ ಒಳಗಿಡು. ಇನ್ನೂ ಎಷ್ಟು ಹಾಳೆ ಬಾಕಿ ಇದೆಯೋ ಬರೆದು ಮುಗಿಸು."

ಕೃಷ್ಣನಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ. ಯಮನೂರನ ಕೈ ವಿಷಯ ಹೇಳಿದರೆ, "ನಿಮಗೆ ಗೊತ್ತಿಲ್ವಾ ಮೇಷ್ಟ್ರೇ? ಇಡೀ ರೋಡಿಗೆ ಗೊತ್ತು" ಎಂದ. ಎಲ್ಲರ ಮೇಲೂ ಕಣ್ಣಿಟ್ಟು ಕೂತಿದ್ದವನು ನಾನು, ನನಗೊಬ್ಬನಿಗೆ ಗೊತ್ತಿರಲಿಲ್ಲ. "ತಪ್ಪಾಯ್ತು ಕಣಯ್ಯಾ, ಬಾ" ಎಂದೆ. "ಬನ್ನು ತಗೊಂಡು ಬರ್ಲಾ?" ಎಂದು ಕೇಳಿದ. ಬೇಡ, ಧೂಳು ಎಂದೆ.

ಶನಿವಾರ ಸೌಮ್ಯ ಬಂದಾಗ ಕಟ್ಟು ಸಿದ್ಧವಾಗಿತ್ತು. ಮೊದಲ ಹಾಳೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ 'ಬೆರಳು ತಿದ್ದಬೇಡಿ, ಇದೇ ಸರಿ' ಎಂದು ಬರೆದು ಸಹಿ ಹಾಕಿದ್ದೆ. ಕಂಪನಿಯ ಹುಡುಗರಿಗೆ ಕನ್ನಡ ಓದಲು ಬರುತ್ತದೋ ಇಲ್ಲವೋ ಎಂದು ಇಂಗ್ಲಿಷಿನಲ್ಲೂ ಬರೆದೆ. ಆದರೂ ನನಗೆ ನಂಬಿಕೆಯಿರಲಿಲ್ಲ. ಹಾಳೆಯ ಮೇಲಿನ ಕಲೆ, ಧೂಳು, ಹೆಚ್ಚಿನ ಗೆರೆ ಎಲ್ಲವನ್ನೂ ಒರೆಸಿ ಹಾಕುವುದೇ ಆ ಹುಡುಗರ ಕೆಲಸ. ಇಡೀ ಸಿನಿಮಾದಲ್ಲಿ ನಾಲ್ಕು ಬೆರಳಿದ್ದವನಿಗೆ ಕೊನೆಗೆ ಐದು ಕಂಡರೆ ಮುದುಕನಿಗೆ ಅರಳುಮರುಳು ಎಂದು ಒರೆಸಿಬಿಡುವುದು ಅವರಿಗೆ ಎಷ್ಟು ಹೊತ್ತಿನ ಕೆಲಸ?

"ಥ್ಯಾಂಕ್ಸ್ ಸಾರ್, ಕರೆಕ್ಟ್ ಟೈಮಿಗೆ ಕೊಟ್ರಿ. ಸಣ್ಣಪುಟ್ಟ ಕರೆಕ್ಷನ್ ಏನಾದ್ರೂ ಇದ್ರೆ ನಾವೇ ಮಾಡ್ಕೋತೀವಿ" ಎಂದು ಸೌಮ್ಯ ಹೊರಟಳು. ಆ 'ಸಣ್ಣಪುಟ್ಟ' ಎಂಬ ಮಾತು ದೀಪಾವಳಿಯ ಹೋಳಿಗೆಯನ್ನೂ ನನ್ನ ಗಂಟಲಲ್ಲಿ ಇಳಿಯಗೊಡಲಿಲ್ಲ. ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಮೀಟಿಂಗ್ ಕರೆಯುತ್ತಾರೆ, ಮೀಟಿಂಗಿನಲ್ಲಿ ಬೆರಳು ಉಳಿಯುವುದಿಲ್ಲ. ಸುಮ್ಮನಿದ್ದೆ.

ಸಿನಿಮಾ ತೋರಿಸುವ ದಿನ ನಾವೆಲ್ಲ ಎಲೆಕ್ಟ್ರಾನಿಕ್ ಸಿಟಿಗೆ ಹೋದೆವು. ಕಂಪನಿಯ ಒಳಗೇ ಒಂದು ಸಣ್ಣ ಥಿಯೇಟರು, ಮೆತ್ತನೆಯ ಕುರ್ಚಿಗಳು, ಹಲ್ಲು ಕಟಕಟಿಸುವಷ್ಟು ಏಸಿ. ಸುಮಂಗಲಾ ಗಂಡನನ್ನು ಕರೆತಂದಿದ್ದಳು. ಯಮನೂರ ಎತ್ತರದ, ಸಣಕಲು ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ನನಗೆ ಎಡಗೈಯಲ್ಲೇ ನಮಸ್ಕಾರ ಮಾಡಹೋಗಿ, ನಾಚಿ, ತಲೆ ಬಗ್ಗಿಸಿದ. ನಾನು ಅವನನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಬೆರಳಿನ ವಿಷಯ ಹೆಂಡತಿ ಅವನಿಗೆ ಹೇಳಿರಲಿಲ್ಲ. ಒರೆಸಿಬಿಟ್ಟಿದ್ದರೆ ಎಂಬ ಹೆದರಿಕೆ ಅವಳಿಗೂ ಇತ್ತು.

ಅಷ್ಟರಲ್ಲಿ ಸೌಮ್ಯ ಕುರ್ಚಿಗಳ ನಡುವೆ ನುಸುಳಿ ಬಂದಳು. "ಸಾರ್, ಲಾಸ್ಟ್ ಸೀನಲ್ಲಿ ಬೆರಳು ಜಾಸ್ತಿ ಇದೆ ಅಂತ ನಮ್ಮ ಹುಡುಗರು ಹೇಳ್ತಿದ್ರು..."

"ಏನು ಮಾಡಿದ್ರಿ?" ಎಂದು ಕೇಳುವಷ್ಟರಲ್ಲಿ ಲೈಟು ಆರಿತು, ಯಾರೋ ಅವಳನ್ನು ಮುಂದಕ್ಕೆ ಕರೆದರು.

'ನಿರ್ದೇಶನ: ಹನುಮಯ್ಯ' ಎಂದು ಬಂದಾಗ ಕೃಷ್ಣ ಸಿಳ್ಳೆ ಹೊಡೆದ. ಜೀವಮಾನವೆಲ್ಲ ಕಾದಿದ್ದ ಆ ಅಕ್ಷರಗಳನ್ನು ನಾನು ಸರಿಯಾಗಿ ನೋಡಲೂ ಇಲ್ಲ. ನನ್ನ ಜೀವವೆಲ್ಲ ಕೊನೆಯ ದೃಶ್ಯದ ಮೇಲಿತ್ತು. ಕಂಪನಿಯವರು ಕರೆತಂದಿದ್ದ ಮಕ್ಕಳು ನಗುತ್ತಿದ್ದರು, ಯಮನೂರನೂ ಆಗಾಗ ನಕ್ಕ. ಚಂದ್ರ ಕೊಡಕ್ಕೆ ಬಿದ್ದ, ಲೋಕ ಕತ್ತಲಾಯಿತು. ತಿಮ್ಮ ಕೊಡದ ಮುಂದೆ ಕೂತು ಅಂಗಿಯ ತೋಳು ಮೇಲೆ ಮಡಿಸಿದ. ನನಗೆ ನೋಡಲಾಗಲಿಲ್ಲ. ನನ್ನ ಸಿನಿಮಾದ ಕೊನೆಯ ದೃಶ್ಯಕ್ಕೆ ನಾನೇ ಕಣ್ಣು ಮುಚ್ಚಿಕೊಂಡು ಕೂತೆ.

ಪಕ್ಕದಲ್ಲಿ ಕುರ್ಚಿ ಕಿರ್ರೆಂದಿತು. ಯಮನೂರ ಮುಂದಕ್ಕೆ ಬಾಗಿದ್ದ.

"ಬ್ಯಾಡೋ" ಎಂದ, ಹಲ್ಲು ಕಚ್ಚಿಕೊಂಡು, ಯಾರಿಗೋ ಹೇಳುವ ಹಾಗೆ. "ಕೈ ಹಾಕಬ್ಯಾಡೋ ತಮ್ಮಾ... ತಗಿ. ಕೈ ತಗಿಯೋ!"

ಆಮೇಲೆ ಸಂಗೀತ ಏರಿತು. ಕೈ ಹೊರಬರುವ ಜಾಗ ಅದು ಎಂದು ನನಗೆ ಕಣ್ಣು ಮುಚ್ಚಿದ್ದರೂ ಗೊತ್ತು.

"ಒಂದು" ಎಂದ ಯಮನೂರ. ಪಿಸುಮಾತು, ನನ್ನ ಕಿವಿಗೆ ಮಾತ್ರ. "ಎರಡು... ಮೂರು... ನಾಕು."

ಅಲ್ಲಿಗೆ ನಿಂತಿತು. ಒರೆಸಿಬಿಟ್ಟರು, ಪಾಪಿಗಳು ಒರೆಸಿಬಿಟ್ಟರು ಎಂದುಕೊಂಡೆ. ಕೊನೆಯ ಬೆರಳು ನಿಧಾನವಾಗಿ ಬಿಚ್ಚಿಕೊಳ್ಳುವುದನ್ನೇ ಮರೆತಿದ್ದೆ.

"ಐದು" ಎಂದ. ಮತ್ತೆ ಹೆಂಡತಿಯ ಕಡೆಗೆ ತಿರುಗಿ, ಈಗ ಎಲ್ಲರಿಗೂ ಕೇಳುವ ಹಾಗೆ, "ಐದೂ ಅದಾವ ನೋಡು! ಐದೂ ಅದಾವ!" ಎಂದ.

ನಾನು ಕಣ್ಣು ತೆರೆದೆ. ಪರದೆಯ ಬೆಳಕು ನಮ್ಮೆಲ್ಲರ ಮೇಲೂ ಬಿದ್ದಿತ್ತು. ಯಮನೂರನ ಬಲಗೈ ಜೇಬಿನಿಂದ ಹೊರಗೆ ಬಂದು, ನಮ್ಮಿಬ್ಬರ ನಡುವಿನ ಕುರ್ಚಿಯ ತೋಳಿನ ಮೇಲಿತ್ತು.